ಹಲ್ಲಿನ ತೊಂದರೆಯುಳ್ಳ ಗಿನಿ ಹಂದಿಯ ಆಹಾರ ಮತ್ತು ಆರೈಕೆ

ಚೆನ್ನೈ ನಗರದ ಉತ್ತರ ಭಾಗದಲ್ಲಿರುವ ಪೆರಂಬೂರು ರೈಲ್ವೆಯ ಬಡಾವಣೆಯೆಂದೇ ಹೆಸರಾದುದು. 1955ರ ಅಕ್ಟೋಬರ್ 2ರಂದು ಉದ್ಘಾಟನೆಗೊಂಡ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯೂ ಅದಕ್ಕಿಂತ ಹಿಂದಿನ ರೈಲ್ವೆ ಕಾರ್ಯಾಗಾರಗಳೂ ಕನ್ನಡಿಗರನ್ನೊಳಗೊಂಡು ದೇಶದ ನಾನಾ ಭಾಗಗಳ ಕುಟುಂಬಗಳನ್ನು ಈ ಪ್ರದೇಶಕ್ಕೆ ಕರೆತಂದಿವೆ. ಇಂಥ ಬಡಾವಣೆಗಳ ಚಿಕ್ಕ ಮನೆಗಳಲ್ಲಿ ನಾಯಿಯನ್ನು ಸಾಕಲು ಸ್ಥಳವಿಲ್ಲದಿದ್ದಾಗ ಮಕ್ಕಳ ಆಸೆಗಾಗಿ ತರುವ ಪ್ರಾಣಿಗಳಲ್ಲಿ ಗಿನಿ ಹಂದಿಯೂ ಒಂದು. ಅದು ಕಚ್ಚುವುದು ಅಪರೂಪ, ಗೂಡು ಒಂದು ಮೂಲೆಯಲ್ಲಿ ಹಿಡಿಸುತ್ತದೆ, ಸೊಪ್ಪು ತರುವ ಚೀಲದ ಸದ್ದು ಕೇಳಿದರೆ ಸಿಳ್ಳೆ ಹಾಕಿದಂತೆ ಕೂಗುತ್ತದೆ.

ತಂದು ಒಂದೆರಡು ವರ್ಷಗಳಾದ ಮೇಲೆ ಒಂದು ದಿನ ಈ ಪ್ರಾಣಿ ಎಂದಿನಂತೆ ತಟ್ಟೆಯ ಬಳಿಗೆ ಓಡಿಬರುತ್ತದೆ. ಕ್ಯಾರೆಟ್ ಚೂರನ್ನು ಬಾಯಿಗೆ ತೆಗೆದುಕೊಳ್ಳುತ್ತದೆ. ಕ್ಷಣಕಾಲ ದವಡೆಯಾಡಿಸಿ ಅದನ್ನು ಕೆಳಗೆ ಬಿಡುತ್ತದೆ. ಹಸಿವಿಲ್ಲವೆಂದು ಮನೆಯವರು ಭಾವಿಸುತ್ತಾರೆ. ಕೆಲವು ದಿನಗಳಲ್ಲಿ ಅದು ಗೂಡಿನ ಮೂಲೆ ಸೇರಿ ಅಲುಗಾಡದೆ ಕುಳಿತು ಸಾಯುತ್ತದೆ. ಇಂಥ ಅನೇಕ ಸಾವುಗಳಲ್ಲಿ ಪ್ರಾಣಿಗೆ ಹಸಿವಿಲ್ಲದಿರುವುದಿಲ್ಲ. ಆಹಾರದ ಮುಂದೆಯೇ ಕುಳಿತು, ಅಗಿಯಲಾರದೆ, ಅದು ಉಪವಾಸ ಬಿದ್ದಿರುತ್ತದೆ. ಕಾರಣ ಬಾಯಿಯ ಒಳಭಾಗದಲ್ಲಿ, ಹೊರಗೆ ಕಾಣದ ಹಲ್ಲುಗಳಲ್ಲಿ ಅಡಗಿರುತ್ತದೆ. ಈ ತೊಂದರೆಯನ್ನು ಬೇಗ ಗುರುತಿಸುವುದು, ಚಿಕಿತ್ಸೆ ದೊರೆಯುವವರೆಗೆ ಪ್ರಾಣಿಯನ್ನು ಕೈಯಿಂದ ಉಣಿಸಿ ಉಳಿಸಿಕೊಳ್ಳುವುದು ಮತ್ತು ಅನಂತರ ಅದನ್ನು ನೋಡಿಕೊಳ್ಳುವುದು ಹೇಗೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಪ್ರಾಣಿಯ ಪರಿಚಯ

ಹೆಸರಿನಲ್ಲಿ ಹಂದಿಯೆಂದಿದ್ದರೂ ಇದು ಹಂದಿಯ ಜಾತಿಗೆ ಸೇರಿದುದಲ್ಲ. ಆಫ್ರಿಕದ ಗಿನಿ ಪ್ರದೇಶಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಇಲಿ, ಅಳಿಲುಗಳಂತೆ ದಂಶಕ ವರ್ಗದ ಪ್ರಾಣಿ. ಇದರ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶ. ಅಲ್ಲಿನ ಜನರು ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಮಾಂಸಕ್ಕಾಗಿ ಸಾಕಲಾರಂಭಿಸಿದರು. ಹದಿನಾರನೆಯ ಶತಮಾನದಲ್ಲಿ ಯೂರೋಪಿಗೆ ಬಂದು, ಅಲ್ಲಿಂದ ಸಾಕುಪ್ರಾಣಿಯಾಗಿಯೂ ಪ್ರಯೋಗಾಲಯದ ಪ್ರಾಣಿಯಾಗಿಯೂ ಲೋಕದೆಲ್ಲೆಡೆ ಹರಡಿತು.

ಬೆಳೆದ ಗಿನಿ ಹಂದಿಯ ತೂಕ ಸಾಮಾನ್ಯವಾಗಿ 700ರಿಂದ 1,200 ಗ್ರಾಂ. ಚೆನ್ನಾಗಿ ನೋಡಿಕೊಂಡರೆ ಐದರಿಂದ ಏಳು ವರ್ಷ ಬದುಕುತ್ತದೆ. ತಂಪಾದ ಬೆಟ್ಟಗಳ ಮೇಲಿನ ಒರಟು ಹುಲ್ಲನ್ನು ದಿನವಿಡೀ ಅಗಿಯುತ್ತ ಬದುಕಲು ಇದರ ದೇಹ ಹೊಂದಿಕೊಂಡಿದೆ. ಮೃದುವಾದ ಆಹಾರವನ್ನು ಕೊಟ್ಟು ಸೆಕೆಯ ಊರಿನಲ್ಲಿ ಸಾಕುವಾಗ ಈ ಮೂಲಸ್ವಭಾವವನ್ನು ಮರೆಯುವುದರಿಂದಲೇ ಇದರ ಹೆಚ್ಚಿನ ಕಾಯಿಲೆಗಳು ಆರಂಭವಾಗುತ್ತವೆ.

ಹಲ್ಲುಗಳ ರಚನೆ

ಗಿನಿ ಹಂದಿಗೆ ಒಟ್ಟು 20 ಹಲ್ಲುಗಳಿವೆ. ಮುಂಭಾಗದಲ್ಲಿ ಮೇಲೆ ಎರಡು, ಕೆಳಗೆ ಎರಡು ಬಾಚಿಹಲ್ಲುಗಳಿವೆ. ಇವು ಬಿಳಿಯ ಬಣ್ಣದವು. ಕೋರೆಹಲ್ಲುಗಳಿಲ್ಲ. ಬಾಚಿಹಲ್ಲುಗಳ ಹಿಂದೆ ಹಲ್ಲಿಲ್ಲದ ಖಾಲಿ ಜಾಗವಿದೆ. ಅದರ ಹಿಂದೆ ಪ್ರತಿಯೊಂದು ಪಕ್ಕದಲ್ಲಿಯೂ ಮೇಲೆ ನಾಲ್ಕು, ಕೆಳಗೆ ನಾಲ್ಕರಂತೆ ಒಟ್ಟು 16 ಅರೆಯುವ ಹಲ್ಲುಗಳಿವೆ. ಬಾಯಿ ಚಿಕ್ಕದು, ಕೆನ್ನೆಯ ಒಳಮಡಿಕೆಗಳು ದಪ್ಪ. ಆದುದರಿಂದ ಹೊರಗಿನಿಂದ ನೋಡಿದವರಿಗೆ ಬಾಚಿಹಲ್ಲುಗಳು ಮಾತ್ರ ಕಾಣುತ್ತವೆ.

ಮನುಷ್ಯರ ಹಲ್ಲು ಒಮ್ಮೆ ಬೆಳೆದು ನಿಲ್ಲುತ್ತದೆ. ಗಿನಿ ಹಂದಿಯ ಎಲ್ಲ 20 ಹಲ್ಲುಗಳೂ ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಒಂದು ಮಿಲಿಮೀಟರಿಗೂ ಹೆಚ್ಚು ಬೆಳೆಯುತ್ತದೆ. ಹುಲ್ಲನ್ನು ಅರೆಯುವಾಗ ಹಲ್ಲುಗಳು ಒಂದಕ್ಕೊಂದು ಉಜ್ಜಿ, ಬೆಳೆದಷ್ಟೇ ಸವೆದುಹೋಗಬೇಕು. ಬೆಳವಣಿಗೆ ಮತ್ತು ಸವೆತ ಸಮನಾಗಿರುವವರೆಗೆ ಪ್ರಾಣಿಗೆ ತೊಂದರೆಯಿಲ್ಲ. ಸವೆತ ಕಡಿಮೆಯಾದರೆ ಹಲ್ಲು ಉದ್ದವಾಗುತ್ತದೆ.

ಅರೆಯುವ ಹಲ್ಲುಗಳು ನೇರವಾಗಿ ನಿಂತಿರುವುದಿಲ್ಲ, ಓರೆಯಾಗಿ ಬಾಗಿರುತ್ತವೆ. ಉದ್ದವಾದ ಕೆಳಹಲ್ಲುಗಳು ಒಳಗೆ, ನಾಲಗೆಯ ಕಡೆಗೆ ಬಾಗುತ್ತವೆ. ತೊಂದರೆ ಬಲಿತಾಗ ಎರಡು ಪಕ್ಕದ ಹಲ್ಲುಗಳೂ ನಾಲಗೆಯ ಮೇಲೆ ಕಮಾನಿನಂತೆ ಕೂಡಿಕೊಳ್ಳುತ್ತವೆ. ನಾಲಗೆ ಅದರ ಕೆಳಗೆ ಸಿಕ್ಕಿಬೀಳುತ್ತದೆ. ಮೇಲಿನ ಹಲ್ಲುಗಳು ಹೊರಗೆ ಬಾಗಿ ಕೆನ್ನೆಯ ಒಳಭಾಗಕ್ಕೆ ಚುಚ್ಚಿ ಹುಣ್ಣು ಮಾಡುತ್ತವೆ. ಹೀಗಾದ ಪ್ರಾಣಿ ತುತ್ತನ್ನು ಬಾಯೊಳಗೆ ತಿರುಗಿಸಲಾರದು, ನುಂಗಲಾರದು. ಹಲ್ಲಿನ ಬೇರಿನ ಕಡೆಯ ತುದಿಯೂ ಬೆಳೆದು ದವಡೆಯ ಮೂಳೆಯನ್ನು ಒತ್ತಬಹುದು. ಕೆಳದವಡೆಯ ಅಂಚಿನಲ್ಲಿ ಗಂಟುಗಳು ಕೈಗೆ ಸಿಗಬಹುದು. ಬೇರಿನ ಬಳಿ ಕೀವು ಕಟ್ಟಬಹುದು.

ತೊಂದರೆಗೆ ಕಾರಣಗಳು

ಸಾಮಾನ್ಯ ಕಾರಣ ಆಹಾರದಲ್ಲಿ ಒರಟು ನಾರಿನ ಕೊರತೆ. ಗುಳಿಗೆಯ ರೂಪದ ಸಿದ್ಧ ಮೇವು, ಕ್ಯಾರೆಟ್, ಹಣ್ಣು ಇವುಗಳಿಂದ ಹೊಟ್ಟೆ ತುಂಬಿದರೂ ದವಡೆಗೆ ಕೆಲಸ ಸಿಗುವುದಿಲ್ಲ. ಒಂದು ಹಿಡಿ ಹುಲ್ಲನ್ನು ತಿನ್ನಲು ಬೇಕಾಗುವ ಅಗಿತ ಗುಳಿಗೆ ಮೇವಿಗೆ ಬೇಕಾಗುವುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಎರಡನೆಯ ಕಾರಣ ಹುಟ್ಟಿನಿಂದ ಬಂದ ದವಡೆಯ ಓರೆ; ಇಂಥ ಪ್ರಾಣಿಗಳಿಂದ ಮರಿ ಪಡೆಯುವುದು ಸರಿಯಲ್ಲ. ಮೂರನೆಯದು ಎತ್ತರದಿಂದ ಬಿದ್ದು ಹಲ್ಲು ಮುರಿಯುವುದು. ಮಕ್ಕಳು ನಿಂತುಕೊಂಡು ಎತ್ತಿಕೊಂಡಾಗ ಇದು ಆಗುವುದುಂಟು. ನಾಲ್ಕನೆಯದು ಸಿ ಜೀವಸತ್ವದ ಕೊರತೆ.

ಹಲ್ಲು ಮತ್ತು ಸಿ ಜೀವಸತ್ವ

ನಾಯಿ, ಬೆಕ್ಕು, ಆಕಳು, ಇಲಿ ಮೊದಲಾದ ಹೆಚ್ಚಿನ ಪ್ರಾಣಿಗಳು ಸಿ ಜೀವಸತ್ವವನ್ನು ತಮ್ಮ ದೇಹದಲ್ಲಿಯೇ ತಯಾರಿಸಿಕೊಳ್ಳುತ್ತವೆ. ಮನುಷ್ಯನಿಗೂ ಗಿನಿ ಹಂದಿಗೂ ಆ ಶಕ್ತಿಯಿಲ್ಲ. ಅದಕ್ಕೆ ಬೇಕಾದ ಕೊನೆಯ ಕಿಣ್ವ ಎರಡರಲ್ಲಿಯೂ ಕೆಲಸ ಮಾಡುವುದಿಲ್ಲ. ಈ ಜೀವಸತ್ವ ದೊರೆಯದಿದ್ದರೆ ಹಲ್ಲನ್ನು ದವಡೆಗೆ ಕಟ್ಟಿಹಿಡಿಯುವ ನಾರುಗಳು ಶಿಥಿಲವಾಗುತ್ತವೆ, ವಸಡಿನಲ್ಲಿ ರಕ್ತ ಒಸರುತ್ತದೆ, ಕೀಲುಗಳು ಊದಿಕೊಳ್ಳುತ್ತವೆ. ಇದೇ ಸ್ಕರ್ವಿ ರೋಗ.

1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡೋರ್ ಫ್ರೋಲಿಕ್ ಅವರು ಗಿನಿ ಹಂದಿಗಳಿಗೆ ಬರಿಯ ಧಾನ್ಯವನ್ನು ಕೊಟ್ಟಾಗ ಅವಕ್ಕೆ ನಾವಿಕರಿಗೆ ಬರುವಂಥ ಸ್ಕರ್ವಿ ಬಂದುದನ್ನು ಪ್ರಕಟಿಸಿದರು. 1920ರ ದಶಕದಲ್ಲಿ ಸ್ವೀಡನ್ನಿನ ಆಕ್ಸೆಲ್ ಹೋಯರ್ ಅವರು ಗಿನಿ ಹಂದಿಯ ಬಾಚಿಹಲ್ಲಿನ ಬೇರನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಒಂದು ಆಹಾರದಲ್ಲಿ ಸ್ಕರ್ವಿಯನ್ನು ತಡೆಯುವ ಗುಣ ಎಷ್ಟಿದೆಯೆಂದು ಅಳೆಯುವ ವಿಧಾನವನ್ನು ರೂಪಿಸಿದರು. ಆ ಜೀವಸತ್ವದ ರಾಸಾಯನಿಕ ಸ್ವರೂಪ ತಿಳಿಯುವ ಮೊದಲು ಅದಕ್ಕೆ ಅಳತೆಗೋಲಾಗಿದ್ದುದು ಈ ಪ್ರಾಣಿಯ ಹಲ್ಲು. 1932ರಲ್ಲಿ ಹಂಗೇರಿಯಲ್ಲಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಅವರ ಪ್ರಯೋಗಾಲಯದಲ್ಲಿ ಸಿ ಜೀವಸತ್ವವನ್ನು ಗುರುತಿಸಿದುದೂ ಗಿನಿ ಹಂದಿಗಳ ನೆರವಿನಿಂದಲೇ; 1937ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ದಕ್ಷಿಣ ಭಾರತಕ್ಕೂ ಈ ಚರಿತ್ರೆಯಲ್ಲಿ ಪಾಲಿದೆ. ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ ರಾಬರ್ಟ್ ಮೆಕ್ಯಾರಿಸನ್ ಅವರು 1918ರಲ್ಲಿ ಆಹಾರದ ಕೊರತೆಯಿಂದ ಬರುವ ರೋಗಗಳ ಸಂಶೋಧನೆಯನ್ನು ಆರಂಭಿಸಿದರು. ಅವರ ಅಧ್ಯಯನಗಳಲ್ಲಿ ಗಿನಿ ಹಂದಿಯ ಸ್ಕರ್ವಿಯೂ ಸೇರಿತ್ತು. ಆ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯೆಂಬ ಹೆಸರನ್ನು ಪಡೆಯಿತು. ಮನುಷ್ಯರ ಆಹಾರದ ಬಗೆಗೆ ಇಂದು ತಿಳಿದಿರುವ ಅನೇಕ ವಿಷಯಗಳಿಗೆ ಈ ಪ್ರಾಣಿ ತನ್ನ ದೇಹವನ್ನು ತೆತ್ತಿದೆ. ಮನೆಯಲ್ಲಿರುವ ಅದೇ ಜಾತಿಯ ಪ್ರಾಣಿಗೆ ಒಂದು ಚೂರು ಸೀಬೆಹಣ್ಣಿನ ಕೊರತೆಯಾಗದಂತೆ ನೋಡಿಕೊಳ್ಳುವುದು ದೊಡ್ಡ ಹೊರೆಯೇನಲ್ಲ.

ಆರೋಗ್ಯವಂತ ಗಿನಿ ಹಂದಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ಕನಿಷ್ಠ 10 ಮಿಲಿಗ್ರಾಂ ಸಿ ಜೀವಸತ್ವ ಬೇಕು. ಗರ್ಭಿಣಿಗೂ ಕಾಯಿಲೆಯ ಪ್ರಾಣಿಗೂ 30 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ. 100 ಗ್ರಾಂ ಸೀಬೆಹಣ್ಣಿನಲ್ಲಿ ಸುಮಾರು 200 ಮಿಲಿಗ್ರಾಂ ಇರುವುದರಿಂದ 10 ಗ್ರಾಮಿನ ತೆಳುವಾದ ಒಂದು ಹೋಳು 20 ಮಿಲಿಗ್ರಾಂ ಒದಗಿಸುತ್ತದೆ. ನೆಲ್ಲಿಕಾಯಿ, ನುಗ್ಗೆಸೊಪ್ಪು, ದೊಣ್ಣೆಮೆಣಸಿನಕಾಯಿಗಳೂ ಇದರ ಉತ್ತಮ ಮೂಲಗಳು. ಜೀವಸತ್ವವನ್ನು ಕುಡಿಯುವ ನೀರಿಗೆ ಬೆರೆಸಬಾರದು. ಅದು ನೀರಿನಲ್ಲಿ ಬೇಗ ನಾಶವಾಗುತ್ತದೆ, ರುಚಿ ಬದಲಾದರೆ ಪ್ರಾಣಿ ನೀರು ಕುಡಿಯುವುದನ್ನೇ ಬಿಡಬಹುದು. ಗುಳಿಗೆ ಮೇವಿನಲ್ಲಿ ಬೆರೆಸಿರುವ ಜೀವಸತ್ವವೂ ತಯಾರಾದ ಕೆಲವು ತಿಂಗಳುಗಳಲ್ಲಿ ಕುಂದುತ್ತದೆ. ಸೆಕೆ ಮತ್ತು ತೇವದಲ್ಲಿ ಇನ್ನೂ ಬೇಗ. ಆದುದರಿಂದ ಚೀಲದ ಮೇಲಿನ ತಯಾರಿಕೆಯ ದಿನಾಂಕವನ್ನು ನೋಡಿ, ಸ್ವಲ್ಪ ಸ್ವಲ್ಪವೇ ಕೊಳ್ಳಬೇಕು.

ರೋಗಲಕ್ಷಣಗಳನ್ನು ಗುರುತಿಸುವುದು

ಕಾಡಿನಲ್ಲಿ ಬೇರೆ ಪ್ರಾಣಿಗಳಿಗೆ ಬೇಟೆಯಾಗುವ ಜೀವಿಗಳು ತಮ್ಮ ನೋವನ್ನು ತೋರಿಸಿಕೊಳ್ಳುವುದಿಲ್ಲ. ಗಿನಿ ಹಂದಿಯೂ ಹಾಗೆಯೇ. ಆದುದರಿಂದ ಚಿಕ್ಕ ಬದಲಾವಣೆಗಳನ್ನು ಗಮನಿಸುವ ಅಭ್ಯಾಸವಿರಬೇಕು. ಮೊದಲು ಒಣಹುಲ್ಲನ್ನು ಬಿಟ್ಟು ಮೃದುವಾದುದನ್ನು ಮಾತ್ರ ಆರಿಸಿ ತಿನ್ನುವುದು, ಅನಂತರ ತಿನ್ನುವುದಕ್ಕೆ ಬಹಳ ಹೊತ್ತು ತೆಗೆದುಕೊಳ್ಳುವುದು, ಬಾಯಿಯಿಂದ ತುತ್ತು ಬೀಳಿಸುವುದು, ತಲೆಯನ್ನು ಒಂದು ಪಕ್ಕಕ್ಕೆ ಓರೆಮಾಡಿ ಅಗಿಯುವುದು, ಗದ್ದದ ಕೆಳಗೆ ಜೊಲ್ಲಿನಿಂದ ಕೂದಲು ಒದ್ದೆಯಾಗಿರುವುದು, ಕಣ್ಣಿನಲ್ಲಿ ನೀರು ಅಥವಾ ಪಿಸುರು ತುಂಬುವುದು, ಹಿಕ್ಕೆಗಳು ಚಿಕ್ಕವಾಗಿ ಎಣಿಕೆಯಲ್ಲಿ ಕಡಿಮೆಯಾಗುವುದು ಇವು ಮುಖ್ಯ ಲಕ್ಷಣಗಳು.

ಇವೆಲ್ಲಕ್ಕಿಂತ ನಂಬಬಹುದಾದ ಸಾಧನ ತಕ್ಕಡಿ. ಅಡುಗೆಮನೆಯಲ್ಲಿ ಬಳಸುವ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಬುಟ್ಟಿಯನ್ನಿಟ್ಟು, ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ತೂಗಿ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಬೇಕು. ತಿಂದ ಮುಂಚೆ ಮತ್ತು ಅನಂತರದ ತೂಕದಲ್ಲಿ 20-30 ಗ್ರಾಂ ವ್ಯತ್ಯಾಸ ಸಹಜ. ಕೆಲವೇ ದಿನಗಳಲ್ಲಿ 50 ಗ್ರಾಂ ಇಳಿದರೆ ಎಚ್ಚರಗೊಳ್ಳಬೇಕು. ದೇಹತೂಕದ ಹತ್ತನೆಯ ಒಂದು ಪಾಲು, ಅಂದರೆ 900 ಗ್ರಾಮಿನ ಪ್ರಾಣಿ 90 ಗ್ರಾಂ ಇಳಿದರೆ ಅದು ಅಪಾಯದ ಗುರುತು. ಉದ್ದ ಕೂದಲಿನ ಪ್ರಾಣಿಗಳಲ್ಲಿ ಎಲುಬು ಕಾಣುವ ವೇಳೆಗೆ ಬಹಳ ತಡವಾಗಿರುತ್ತದೆ. ತಕ್ಕಡಿ ಅದಕ್ಕಿಂತ ಎಷ್ಟೋ ಮೊದಲೇ ಹೇಳುತ್ತದೆ. ಕಾಯಿಲೆ ಬಿದ್ದ ಪ್ರಾಣಿಯನ್ನು ದಿನವೂ ತೂಗಬೇಕು.

ಇಷ್ಟು ಅವಸರವೇಕೆಂಬುದನ್ನು ತಿಳಿಯಬೇಕು. ಗಿನಿ ಹಂದಿಯ ಕರುಳಿನಲ್ಲಿ ಅಂಧಾಂತ್ರವೆಂಬ ದೊಡ್ಡ ಚೀಲದಂಥ ಭಾಗವಿದೆ. ಅಲ್ಲಿರುವ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸಿ ಜೀರ್ಣಗೊಳಿಸುತ್ತವೆ. ಆಹಾರ ಬರುತ್ತಲೇ ಇದ್ದರೆ ಮಾತ್ರ ಕರುಳು ಚಲಿಸುತ್ತದೆ. ಆಹಾರ ನಿಂತರೆ ಚಲನೆ ನಿಲ್ಲುತ್ತದೆ, ವಾಯು ತುಂಬುತ್ತದೆ, ದೇಹದ ಕೊಬ್ಬು ಕರಗಿ ಯಕೃತ್ತಿನಲ್ಲಿ ಶೇಖರವಾಗುತ್ತದೆ. ಅರ್ಧ ದಿನ ಏನನ್ನೂ ತಿನ್ನದ ಗಿನಿ ಹಂದಿಯನ್ನು ತುರ್ತು ರೋಗಿಯೆಂದೇ ಪರಿಗಣಿಸಬೇಕು. ನಾಳೆ ನೋಡೋಣವೆನ್ನುವುದು ಇಲ್ಲಿ ಸಲ್ಲದು.

ಪಶುವೈದ್ಯರ ಚಿಕಿತ್ಸೆ

ಪೆರಂಬೂರಿನಿಂದ ಕೆಲವೇ ಕಿಲೋಮೀಟರ್ ದೂರದ ವೇಪೇರಿಯಲ್ಲಿ ಮದ್ರಾಸ್ ಪಶುವೈದ್ಯಕೀಯ ಕಾಲೇಜು ಮತ್ತು ಅದರ ಬೋಧನಾ ಆಸ್ಪತ್ರೆ ಇವೆ. 1903ರಲ್ಲಿ ಆರಂಭವಾದ ಈ ಕಾಲೇಜು 1989ರಲ್ಲಿ ಸ್ಥಾಪನೆಯಾದ ತಮಿಳುನಾಡು ಪಶುವೈದ್ಯಕೀಯ ವಿಶ್ವವಿದ್ಯಾನಿಲಯದ ಅಂಗವಾಗಿದೆ. ಕರ್ನಾಟಕದಲ್ಲಿ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಿಂದ ಇದೆ. ನಾಯಿ, ಬೆಕ್ಕು, ದನಗಳನ್ನು ನೋಡುವ ಎಲ್ಲ ವೈದ್ಯರಿಗೂ ಗಿನಿ ಹಂದಿಯ ಹಲ್ಲಿನ ಅನುಭವ ಇರುವುದಿಲ್ಲ. ಆದುದರಿಂದ ಪ್ರಾಣಿ ಆರೋಗ್ಯವಾಗಿರುವಾಗಲೇ ಚಿಕ್ಕ ಸಾಕುಪ್ರಾಣಿಗಳ ಚಿಕಿತ್ಸೆ ಎಲ್ಲಿ ದೊರೆಯುತ್ತದೆಂದು ವಿಚಾರಿಸಿಟ್ಟುಕೊಳ್ಳುವುದು ಜಾಣತನ.

ಹಿಂದಿನ ಹಲ್ಲುಗಳನ್ನು ಸರಿಯಾಗಿ ನೋಡಲು ವೈದ್ಯರು ಸಾಮಾನ್ಯವಾಗಿ ಪ್ರಾಣಿಗೆ ಮಂಪರು ಅಥವಾ ಅರಿವಳಿಕೆ ಕೊಡಬೇಕಾಗುತ್ತದೆ. ಬೇರಿನ ಸ್ಥಿತಿಯನ್ನು ತಿಳಿಯಲು ತಲೆಯ ಕ್ಷ-ಕಿರಣ ಚಿತ್ರವನ್ನು ತೆಗೆಯುತ್ತಾರೆ. ಉದ್ದವಾದ ಹಲ್ಲುಗಳನ್ನು ಅರಿವಳಿಕೆಯಲ್ಲಿ ಉಪಕರಣದಿಂದ ಉಜ್ಜಿ ಸರಿಯಾದ ಎತ್ತರಕ್ಕೆ ತರುತ್ತಾರೆ. ನೋವು ಕಡಿಮೆಯಾಗುವ ಔಷಧವನ್ನು ಕೊಡುತ್ತಾರೆ. ಗಿನಿ ಹಂದಿ ವಾಂತಿ ಮಾಡಲಾರದ ಪ್ರಾಣಿ; ಆದುದರಿಂದ ಅರಿವಳಿಕೆಗೆ ಮುಂಚೆ ಮನುಷ್ಯರನ್ನು ಉಪವಾಸವಿಡುವಂತೆ ಇದನ್ನು ರಾತ್ರಿಯೆಲ್ಲ ಉಪವಾಸವಿಡಬಾರದು. ಎಷ್ಟು ಹೊತ್ತಿಗೆ ಮುಂಚೆ ಆಹಾರ ನಿಲ್ಲಿಸಬೇಕೆಂಬುದನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು.

ಮೂರು ತಪ್ಪುಗಳನ್ನು ಮನೆಯಲ್ಲಿ ಎಂದೂ ಮಾಡಬಾರದು. ಒಂದು, ಉಗುರು ಕತ್ತರಿಸುವ ಸಾಧನದಿಂದ ಬಾಚಿಹಲ್ಲನ್ನು ಕತ್ತರಿಸುವುದು. ಹಲ್ಲು ಉದ್ದಕ್ಕೆ ಸೀಳಿಹೋಗಬಹುದು; ನಿಜವಾದ ತೊಂದರೆ ಬಹುತೇಕ ಹಿಂದಿನ ಹಲ್ಲುಗಳಲ್ಲಿರುವುದರಿಂದ ಪ್ರಯೋಜನವೂ ಇಲ್ಲ. ಎರಡು, ಮನೆಯಲ್ಲಿ ಉಳಿದಿರುವ ಪ್ರತಿಜೈವಿಕ ಔಷಧವನ್ನು ಕೊಡುವುದು. ಪೆನಿಸಿಲಿನ್ ಈ ಪ್ರಾಣಿಗೆ ಮಾರಕವೆಂಬುದು 1943ರಷ್ಟು ಹಿಂದೆಯೇ ವರದಿಯಾಗಿದೆ. ಬಾಯಿಯ ಮೂಲಕ ಕೊಟ್ಟ ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಮೈಸಿನ್, ಎರಿತ್ರೊಮೈಸಿನ್‌ಗಳು ಕರುಳಿನ ಉಪಕಾರಿ ಸೂಕ್ಷ್ಮಜೀವಿಗಳನ್ನು ಕೊಂದು, ವಿಷಕಾರಿಯಾದವು ಹೆಚ್ಚುವಂತೆ ಮಾಡುತ್ತವೆ. ಪ್ರಾಣಿ ಕೆಲವೇ ದಿನಗಳಲ್ಲಿ ಸಾಯಬಹುದು. ಮೂರು, ಮನುಷ್ಯರ ನೋವಿನ ಮಾತ್ರೆಯನ್ನು ಪುಡಿಮಾಡಿ ಕೊಡುವುದು.

ಕೈಯಿಂದ ಉಣಿಸುವ ವಿಧಾನ

ಚಿಕಿತ್ಸೆಗೆ ಮುಂಚೆಯೂ, ಚಿಕಿತ್ಸೆಯಾದ ಮೇಲೆ ಕೆಲವು ದಿನಗಳಿಂದ ಕೆಲವು ವಾರಗಳವರೆಗೂ ಪ್ರಾಣಿ ತಾನಾಗಿ ತಿನ್ನದಿರಬಹುದು. ಈ ಅವಧಿಯಲ್ಲಿ ಅದರ ಜೀವ ಸಾಕುವವರ ಕೈಯಲ್ಲಿರುತ್ತದೆ. ಹೊಟ್ಟೆ ಉಬ್ಬಿ ಡೋಲಿನಂತೆ ಬಿಗಿಯಾಗಿದ್ದರೆ ಮಾತ್ರ ಬಲವಂತವಾಗಿ ಉಣಿಸದೆ ನೇರವಾಗಿ ವೈದ್ಯರ ಬಳಿಗೆ ಒಯ್ಯಬೇಕು.

ಸಸ್ಯಾಹಾರಿ ಪ್ರಾಣಿಗಳಿಗಾಗಿಯೇ ತಯಾರಿಸಿದ ಚೇತರಿಕೆಯ ಆಹಾರದ ಪುಡಿ ದೊರೆತರೆ ಅದು ಉತ್ತಮ. ದೊರೆಯದಿದ್ದರೆ ಪ್ರಾಣಿ ನಿತ್ಯ ತಿನ್ನುವ ಗುಳಿಗೆ ಮೇವನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿಮಾಡಿ, ಜರಡಿ ಹಿಡಿದು, ಕಾಯಿಸಿ ಆರಿಸಿದ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ದೋಸೆಯ ಹಿಟ್ಟಿನ ಹದಕ್ಕೆ ತರಬೇಕು. ನುಣ್ಣಗೆ ಅರೆದ ಗರಿಕೆ ಅಥವಾ ಕೊತ್ತಂಬರಿ ಸೊಪ್ಪನ್ನು ಸ್ವಲ್ಪ ಸೇರಿಸಬಹುದು. ಮನೆಯ ಹಿರಿಯರು ಕಾಯಿಲೆಯವರಿಗೆ ಕೊಡುವಂತೆ ರಾಗಿ ಅಂಬಲಿ, ಅನ್ನದ ಗಂಜಿ, ಹಾಲು, ಬಿಸ್ಕತ್ತು ಕೊಡಲು ಮುಂದಾಗುವುದುಂಟು. ಇದು ಪ್ರೀತಿಯಿಂದಲೇ ಮಾಡುವ ಕೆಲಸವಾದರೂ ಗಿನಿ ಹಂದಿಗೆ ಅಪಾಯಕರ. ಪಿಷ್ಟ ಮತ್ತು ಸಕ್ಕರೆ ಅದರ ಅಂಧಾಂತ್ರದಲ್ಲಿ ತಪ್ಪಾಗಿ ಹುದುಗುತ್ತವೆ. ನಾರಿಲ್ಲದ ಆಹಾರ ಅದರ ಕರುಳನ್ನು ನಡೆಸಲಾರದು.

ಸೂಜಿ ತೆಗೆದ 1 ಮಿಲಿಲೀಟರ್ ಸಿರಿಂಜು ಈ ಕೆಲಸಕ್ಕೆ ತಕ್ಕದು. ಪ್ರಾಣಿಯನ್ನು ಟವೆಲಿನಲ್ಲಿ ಸುತ್ತಿ, ನಾಲ್ಕು ಕಾಲಿನ ಮೇಲೆ ಸಹಜವಾಗಿ ಕುಳಿತಿರುವಂತೆ ಮಡಿಲಿನಲ್ಲಿ ಇರಿಸಿಕೊಳ್ಳಬೇಕು. ಮಗುವಿನಂತೆ ಬೆನ್ನ ಮೇಲೆ ಮಲಗಿಸಬಾರದು. ಸಿರಿಂಜಿನ ತುದಿಯನ್ನು ಬಾಯಿಯ ಪಕ್ಕದಿಂದ, ಬಾಚಿಹಲ್ಲಿನ ಹಿಂದಿರುವ ಖಾಲಿ ಜಾಗದ ಮೂಲಕ ಒಳಗೆ ಸೇರಿಸಿ, ಒಮ್ಮೆಗೆ ಅರ್ಧ ಮಿಲಿಲೀಟರಿಗಿಂತ ಹೆಚ್ಚಾಗದಂತೆ ಬಿಡಬೇಕು. ಪ್ರಾಣಿ ದವಡೆಯಾಡಿಸಿ ನುಂಗಿದ ಮೇಲೆಯೇ ಮತ್ತೊಂದು ತುತ್ತು. ಅವಸರಪಟ್ಟರೆ ಆಹಾರ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯ ಬರಬಹುದು. ಅದು ತಲೆಯಾಡಿಸಿ ಸುಸ್ತಾದರೆ ಐದು ನಿಮಿಷ ಬಿಟ್ಟು ಮತ್ತೆ ಆರಂಭಿಸಬೇಕು. ಮುಗಿದ ಮೇಲೆ ಗದ್ದವನ್ನು ಒದ್ದೆ ಬಟ್ಟೆಯಿಂದ ಒರಸಿ ಒಣಗಿಸಬೇಕು. ಇಲ್ಲದಿದ್ದರೆ ಚರ್ಮ ಹುಣ್ಣಾಗುತ್ತದೆ.

ಏನನ್ನೂ ತಾನಾಗಿ ತಿನ್ನದ 800 ಗ್ರಾಮಿನ ಪ್ರಾಣಿಗೆ ದಿನಕ್ಕೆ ಒಟ್ಟು 40ರಿಂದ 60 ಮಿಲಿಲೀಟರ್ ಹಿಟ್ಟು ಬೇಕಾಗುತ್ತದೆ. ಇದನ್ನು ಐದಾರು ಸಲಕ್ಕೆ ಹಂಚಿ, ಬೆಳಗಿನ ಆರು ಗಂಟೆಯಿಂದ ರಾತ್ರಿ ಮಲಗುವವರೆಗೆ ಸುಮಾರು ಮೂರು ಗಂಟೆಗೊಮ್ಮೆ 8ರಿಂದ 10 ಮಿಲಿಲೀಟರಿನಂತೆ ಕೊಡಬಹುದು. ನೀರನ್ನು ಬೇರೆಯಾಗಿ ಕೊಡಬೇಕು. ಸ್ಥಿತಿ ಗಂಭೀರವಾಗಿದ್ದರೆ ರಾತ್ರಿಯೂ ಒಮ್ಮೆ ಎದ್ದು ಉಣಿಸಬೇಕಾಗುತ್ತದೆ. ಸರಿಯಾದ ಪ್ರಮಾಣವನ್ನು ವೈದ್ಯರು ನಿರ್ಧರಿಸುತ್ತಾರೆ; ಅದು ಸಾಕಾಗುತ್ತಿದೆಯೆ ಎಂಬುದನ್ನು ಮರುದಿನದ ತೂಕ ಮತ್ತು ಹಿಕ್ಕೆ ಹೇಳುತ್ತವೆ. ಚೆನ್ನೈಯ ಸೆಕೆಯಲ್ಲಿ ನೆನೆಸಿದ ಹಿಟ್ಟು ಬೇಗ ಹುಳಿಯುತ್ತದೆ. ಪ್ರತಿ ಸಲವೂ ಹೊಸದಾಗಿ ಕಲಸಿ, ಉಳಿದುದನ್ನು ಚೆಲ್ಲಿ, ಸಿರಿಂಜನ್ನು ಬಿಸಿನೀರಿನಲ್ಲಿ ತೊಳೆದಿಡಬೇಕು.

ಗೂಡಿನಲ್ಲಿ ಹುಲ್ಲು ಮತ್ತು ಸೊಪ್ಪು ಯಾವಾಗಲೂ ಇರಲಿ. ಕೈತುತ್ತು ಪ್ರಾಣವನ್ನು ಉಳಿಸುತ್ತದೆಯೇ ಹೊರತು ಹಲ್ಲನ್ನು ಸವೆಸುವುದಿಲ್ಲ. ತಾನಾಗಿ ಒಂದು ಎಳೆ ಹುಲ್ಲನ್ನು ತಿಂದ ದಿನ ಚೇತರಿಕೆಯ ಮೊದಲ ದಿನವೆಂದು ತಿಳಿಯಬಹುದು. ಆಮೇಲೆ ತೂಕ ಸ್ಥಿರವಾಗಿರುವಂತೆ ನೋಡಿಕೊಂಡು ಕೈತುತ್ತನ್ನು ನಿಧಾನವಾಗಿ ಕಡಿಮೆ ಮಾಡಬೇಕು.

ನಿತ್ಯದ ಆಹಾರ

ಬಾಚಿಹಲ್ಲು ಮುರಿದ ಪ್ರಾಣಿಗೆ ಕಚ್ಚಿ ತುಂಡರಿಸುವುದು ಕಷ್ಟ, ಆದರೆ ಅರೆಯಬಲ್ಲದು. ಅದಕ್ಕೆ ತರಕಾರಿಯನ್ನು ಬೆಂಕಿಕಡ್ಡಿಯಂತೆ ತೆಳ್ಳಗೆ ಉದ್ದಕ್ಕೆ ಹೆಚ್ಚಿ, ಹುಲ್ಲನ್ನು ಬೆರಳುದ್ದ ಕತ್ತರಿಸಿ ಕೊಟ್ಟರೆ ಸಾಕು. ಮುರಿದ ಹಲ್ಲು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಬೆಳೆದುಬಿಡುತ್ತದೆ. ಹಿಂದಿನ ಹಲ್ಲಿನ ತೊಂದರೆಯುಳ್ಳ ಪ್ರಾಣಿಗೆ ಎಳೆಯ ಗರಿಕೆ, ತೆಳುವಾದ ಸೌತೆಕಾಯಿ, ಕೊತ್ತಂಬರಿ ಸೊಪ್ಪು, ತುರಿದ ದೊಣ್ಣೆಮೆಣಸಿನಕಾಯಿಗಳಿಂದ ಆರಂಭಿಸಿ ಕ್ರಮೇಣ ಒರಟಾದುದಕ್ಕೆ ಒಯ್ಯಬೇಕು.

ಗುಣವಾದ ಮೇಲೆ ಆಹಾರದ ಬಹುಪಾಲು ಹುಲ್ಲೇ ಆಗಿರಬೇಕು. ಅದು ದಿನದ ಎಲ್ಲ ಹೊತ್ತಿನಲ್ಲಿಯೂ ಗೂಡಿನಲ್ಲಿರಬೇಕು. ವಿದೇಶದ ಒಣಹುಲ್ಲು ದುಬಾರಿಯೆಂದು ಚಿಂತಿಸಬೇಕಾಗಿಲ್ಲ. ತಮಿಳಿನಲ್ಲಿ ಅರುಗಂಪುಲ್ ಎಂದು ಕರೆಯುವ ಗರಿಕೆ, ಗಣಪತಿಯ ಪೂಜೆಗೆಂದು ಹೂವಿನ ಅಂಗಡಿಗಳಲ್ಲಿ ಕಟ್ಟುಗಳಾಗಿ ದೊರೆಯುತ್ತದೆ. ಹಸಿಯಾಗಿಯೂ ನೆರಳಿನಲ್ಲಿ ಒಣಗಿಸಿಯೂ ಕೊಡಬಹುದು. ಹಸುಗಳಿಗೆ ಬೆಳೆಯುವ ಗಿನಿ ಹುಲ್ಲು ಮತ್ತು ನೇಪಿಯರ್ ಹುಲ್ಲಿನ ಎಲೆಗಳೂ ಆಗುತ್ತವೆ. ಎಲ್ಲವನ್ನೂ ಚೆನ್ನಾಗಿ ತೊಳೆಯಬೇಕು. ವಾಹನದ ಹೊಗೆಯೂ ಬೀದಿನಾಯಿಗಳ ಮೂತ್ರವೂ ತಗಲುವ ರಸ್ತೆಬದಿಯ ಹುಲ್ಲನ್ನು ತರಬಾರದು. ಭತ್ತದ ಹುಲ್ಲಿನಲ್ಲಿ ಪೋಷಣೆ ಕಡಿಮೆ, ಅದೊಂದನ್ನೇ ನಂಬಬಾರದು. ಲೂಸರ್ನ್ ಸೊಪ್ಪು ಮರಿಗಳಿಗೂ ಗರ್ಭಿಣಿಗೂ ಒಳ್ಳೆಯದು. ಬೆಳೆದ ಪ್ರಾಣಿಗೆ ನಿತ್ಯ ಕೊಟ್ಟರೆ ಅದರಲ್ಲಿರುವ ಸುಣ್ಣದ ಅಂಶದಿಂದ ಮೂತ್ರಕೋಶದಲ್ಲಿ ಕಲ್ಲಾಗಬಹುದು. ಪಾಲಕ್ ಮತ್ತು ದಂಟಿನ ಸೊಪ್ಪನ್ನು ಅಪರೂಪಕ್ಕೆ ಮಾತ್ರ ಕೊಡಬೇಕು. ಆಲೂಗೆಡ್ಡೆ, ಈರುಳ್ಳಿ, ಬೆಳ್ಳುಳ್ಳಿ, ಅನ್ನ, ಚಪಾತಿ ಇವುಗಳನ್ನು ಕೊಡಲೇಬಾರದು.

ಹವಾಮಾನದ ಎಚ್ಚರ

18ರಿಂದ 24 ಡಿಗ್ರಿ ಸೆಲ್ಷಿಯಸ್ ಉಷ್ಣತೆಯಲ್ಲಿ ಗಿನಿ ಹಂದಿ ಹಿತವಾಗಿರುತ್ತದೆ. ಚೆನ್ನೈಯಲ್ಲಿ ಮೇ ತಿಂಗಳ ಅಗ್ನಿನಕ್ಷತ್ರದ ದಿನಗಳಲ್ಲಿ ಉಷ್ಣತೆ 40 ಡಿಗ್ರಿಯನ್ನು ಮುಟ್ಟುವುದುಂಟು. ಸರಿಯಾಗಿ ತಿನ್ನದೆ ನಿಶ್ಶಕ್ತವಾದ ಪ್ರಾಣಿ ಈ ಸೆಕೆಯನ್ನು ತಾಳಲಾರದು. ಗೂಡನ್ನು ಬಿಸಿಲು ಬೀಳುವ ಬಾಲ್ಕನಿಯಿಂದಲೂ ತಾರಸಿಯ ಕೆಳಗಿನ ಕೋಣೆಯಿಂದಲೂ ತೆಗೆದು, ಮನೆಯ ತಂಪಾದ ನೆಲದ ಮೇಲೆ ಗಾಳಿಯಾಡುವಲ್ಲಿ ಇಡಬೇಕು. ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಂದು ಪಕ್ಕದಲ್ಲಿ ಇಡಬಹುದು. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರು ಮಳೆಯಲ್ಲಿ ಅಪಾಯ ಬೇರೆ ಬಗೆಯದು: ಒಣಹುಲ್ಲಿಗೂ ಗುಳಿಗೆ ಮೇವಿಗೂ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ವಾಸನೆ ಬಂದ ಮೇವನ್ನು ಬಿಸಿಲಿಗೆ ಹಾಕಿ ಮತ್ತೆ ಬಳಸದೆ ಎಸೆಯಬೇಕು. ಮಳೆಗಾಲದಲ್ಲಿ ಆಸ್ಪತ್ರೆಗೆ ಹೋಗುವ ದಾರಿಯೇ ನೀರಿನಲ್ಲಿ ಮುಳುಗಬಹುದಾದುದರಿಂದ ಒಂದು ವಾರಕ್ಕಾಗುವಷ್ಟು ಚೇತರಿಕೆಯ ಆಹಾರ, ಸಿರಿಂಜು ಮತ್ತು ವೈದ್ಯರು ಬರೆದುಕೊಟ್ಟ ಔಷಧ ಮನೆಯಲ್ಲಿರುವುದು ಕ್ಷೇಮ.

ದೀರ್ಘಕಾಲದ ಹೊಣೆ

ಹಿಂದಿನ ಹಲ್ಲುಗಳು ಒಮ್ಮೆ ದಾರಿ ತಪ್ಪಿದರೆ ಪೂರ್ತಿ ಸರಿಹೋಗುವುದು ಎಲ್ಲ ಪ್ರಾಣಿಗಳಲ್ಲಿಯೂ ಸಾಧ್ಯವಾಗುವುದಿಲ್ಲ. ಕೆಲವಕ್ಕೆ ಕೆಲವು ವಾರ ಅಥವಾ ತಿಂಗಳುಗಳಿಗೊಮ್ಮೆ ಜೀವಮಾನವಿಡೀ ಹಲ್ಲನ್ನು ಉಜ್ಜಿಸಬೇಕಾಗುತ್ತದೆ. ಚಿಕಿತ್ಸೆಯ ವೆಚ್ಚ ಪ್ರಾಣಿಯನ್ನು ಕೊಂಡ ಬೆಲೆಗಿಂತ ಎಷ್ಟೋ ಪಾಲು ಹೆಚ್ಚಾಗಬಹುದು. ಇದನ್ನು ಕೊಳ್ಳುವ ಮೊದಲೇ ಯೋಚಿಸಬೇಕು. ಜೊತೆಗಾರ ಪ್ರಾಣಿಯಿದ್ದರೆ ಕಾಯಿಲೆಯಲ್ಲಿ ಎರಡನ್ನೂ ಪೂರ್ತಿಯಾಗಿ ಬೇರೆ ಮಾಡಬಾರದು. ಒಂಟಿತನದಲ್ಲಿ ತಿನ್ನುವ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ನಡುವೆ ತಂತಿಯ ಬಲೆಯಿಟ್ಟು ಒಂದನ್ನೊಂದು ನೋಡುವಂತೆ ಇರಿಸಬಹುದು.

ಎಲ್ಲ ಪ್ರಯತ್ನಗಳ ಮೇಲೂ ತೂಕ ಇಳಿಯುತ್ತಲೇ ಹೋಗಿ, ನೋವು ಹಿಡಿತಕ್ಕೆ ಬಾರದಿದ್ದಾಗ ವೈದ್ಯರು ದಯಾಮರಣವನ್ನು ಸೂಚಿಸಬಹುದು. ಅದು ಸೋಲಿನ ಮಾತಲ್ಲ. ಉಪವಾಸದಿಂದ ಸಾಯಲು ಬಿಡುವುದಕ್ಕಿಂತ ಅದು ಕರುಣೆಯ ದಾರಿ. ಮಕ್ಕಳಿಗೆ ವಿಷಯವನ್ನು ಮರೆಮಾಚದೆ ತಿಳಿಸುವುದು ಒಳ್ಳೆಯದು.

ಪ್ರಾಣಿಗಳ ಮೇಲಿನ ಕ್ರೌರ್ಯ ನಿವಾರಣಾ ಕಾಯಿದೆ 1960ರಲ್ಲಿ ಅಂಗೀಕಾರಗೊಂಡಿತು. ಇದಕ್ಕೆ ದಾರಿಮಾಡಿಕೊಟ್ಟವರು ಚೆನ್ನೈಯ ಕಲಾಕ್ಷೇತ್ರದ ಸ್ಥಾಪಕಿ, ರಾಜ್ಯಸಭೆಯ ಸದಸ್ಯೆಯಾಗಿದ್ದ ರುಕ್ಮಿಣಿದೇವಿ ಅರುಂಡೇಲ್. 1962ರಲ್ಲಿ ಸ್ಥಾಪನೆಯಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷರಾದರು. ತನ್ನ ವಶದಲ್ಲಿರುವ ಪ್ರಾಣಿಗೆ ಸಾಕಷ್ಟು ಆಹಾರ, ನೀರು ಮತ್ತು ಆಸರೆ ಒದಗಿಸದಿರುವುದು ಈ ಕಾಯಿದೆಯಂತೆ ಅಪರಾಧ. ಹಲ್ಲಿನ ತೊಂದರೆಯುಳ್ಳ ಗಿನಿ ಹಂದಿಯ ಮಟ್ಟಿಗೆ ಆಹಾರ ಒದಗಿಸುವುದೆಂದರೆ ತಟ್ಟೆಯಲ್ಲಿ ಇಡುವುದಷ್ಟೇ ಆಗದು. ಇಟ್ಟುದು ಹೊಟ್ಟೆಗೆ ಹೋಯಿತೆ ಎಂದು ನೋಡುವುದೂ ಆಗುತ್ತದೆ. ಅದಕ್ಕೆ ಬೇಕಾದುದು ಒಂದು ತಕ್ಕಡಿ, ಒಂದು ಸಿರಿಂಜು, ಒಂದು ಹಿಡಿ ಗರಿಕೆ ಮತ್ತು ದಿನವೂ ಕೆಲವು ನಿಮಿಷಗಳ ಗಮನ. ತಟ್ಟೆ ತುಂಬಿದ್ದು ತೂಕ ಇಳಿದಿದ್ದರೆ ಅದೇ ದಿನ ವೈದ್ಯರ ಬಳಿಗೆ ಹೋಗಬೇಕು.